ಮಿನಿಕಾಯ್ ದೀಪ ಉರಿಯುತ್ತಲೇ ಇರಲಿ

ಜಿಪಿಎಸ್ ಬಂದ ಮೇಲೆ ಲೈಟ್‌ಹೌಸ್ ಯಾಕೆ? ಹತ್ತಿ ಫೋಟೊ ತೆಗೆಯೋಕೆ ಚೆನ್ನಾಗಿದೆ, ಅಷ್ಟು ಸಾಕಲ್ವಾ? ಹೀಗೆ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ನನ್ನ ಪ್ರಕಾರ ಅಷ್ಟು ಸಾಲದು. ಯಾಕೆ ಅಂತ ಹೇಳೋಕೆ ಲಕ್ಷದ್ವೀಪದ ಮಿನಿಕಾಯ್ ದ್ವೀಪದ ಲೈಟ್‌ಹೌಸಿನಿಂದ ಶುರು ಮಾಡುತ್ತೇನೆ.

ಕಾಸರಗೋಡಿನ ನಮಗೂ ಲಕ್ಷದ್ವೀಪಕ್ಕೂ ಏನು ಸಂಬಂಧ ಅನ್ನಬೇಡಿ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆ ಬಿಟ್ಟು ಕೇರಳಕ್ಕೆ ಸೇರಿತು. ಆ ಕಥೆ ನಮ್ಮ ಮನೆಮನೆಯಲ್ಲೂ ಇದೆ. ಆದರೆ ಅದೇ ದಿನ ಅದೇ ಜಿಲ್ಲೆಯಿಂದ ಇನ್ನೊಂದು ಭಾಗವೂ ಹೋಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ದ್ವೀಪಗಳು. 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಇವುಗಳನ್ನು ಮಂಗಳೂರಿನಿಂದಲೇ ನೋಡಿಕೊಳ್ಳುತ್ತಿದ್ದರು. ಮಿನಿಕಾಯ್ ಇದ್ದದ್ದು ಮಲಬಾರ್ ಜಿಲ್ಲೆಯ ಕಡೆಗೆ. ಎಲ್ಲ ಸೇರಿಸಿ ಈಗಿನ ಲಕ್ಷದ್ವೀಪ ಮಾಡಿದರು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಜಲ್ಲಿ ತುಂಬಿಕೊಂಡು ಮಂಜಿ ಎಂಬ ಸರಕು ದೋಣಿಗಳು ಆ ದ್ವೀಪಗಳಿಗೆ ಹೋಗುತ್ತವೆ. ಅದು ನಮ್ಮದೇ ಕಡಲು.

ಮಿನಿಕಾಯ್ ಇರುವ ಜಾಗ ಬಹಳ ಸೂಕ್ಷ್ಮದ್ದು. ಕೆಂಪು ಸಮುದ್ರದ ಕಡೆಯಿಂದ ಕೊಲಂಬೊಗೆ ಹೋಗುವ ಹಡಗುಗಳ ದಾರಿ ಅದರ ಪಕ್ಕದಲ್ಲೇ. ದ್ವೀಪ ತುಂಬಾ ತಗ್ಗು, ಸುತ್ತಲೂ ಹವಳದ ದಿಬ್ಬ. ಕತ್ತಲಲ್ಲಿ ಏನೂ ಕಾಣದು. 1862ರಲ್ಲಿ ಪಿ ಅಂಡ್ ಓ ಕಂಪನಿಯ ‘ಕೊಲಂಬೊ’ ಎಂಬ ಹಡಗು ಇಲ್ಲೇ ಬಡಿದು ಒಡೆಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಹಡಗುಗಳ ಓಡಾಟ ಇನ್ನೂ ಹೆಚ್ಚಿತು. ಕೊನೆಗೆ 1885ರಲ್ಲಿ ಬ್ರಿಟಿಷರು ಅಲ್ಲಿ ದೀಪ ಹೊತ್ತಿಸಿದರು.

ಅದರ ಗೋಪುರ ಯಾಕೆ ಅಷ್ಟು ಎತ್ತರ? ಭೂಮಿ ಬಾಗಿದೆ, ಅದಕ್ಕೆ. ದೀಪ ಎಷ್ಟೇ ಜೋರಾಗಿ ಉರಿಯಲಿ, ನೀರಿನಿಂದ 10 ಮೀಟರ್ ಮೇಲಿದ್ದರೆ ಅಲೆಯ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು 12 ಕಿಲೋಮೀಟರ್‌ವರೆಗೆ ಮಾತ್ರ ಕಾಣುತ್ತದೆ. ದೂರ ಎರಡರಷ್ಟು ಆಗಬೇಕಾದರೆ ಎತ್ತರ ನಾಲ್ಕರಷ್ಟು ಬೇಕು. ಉಡುಪಿ ಹತ್ತಿರದ ನಮ್ಮ ಕಾಪುವಿನಲ್ಲಿ ಒಳ್ಳೆ ಬಂಡೆ ಸಿಕ್ಕಿತು, 1901ರ ಲೈಟ್‌ಹೌಸ್ ಅದರ ಮೇಲೆ ನಿಂತಿದೆ. ಮಿನಿಕಾಯ್‌ಗೆ ಆ ಭಾಗ್ಯ ಇರಲಿಲ್ಲ. ಅಷ್ಟೂ ಎತ್ತರವನ್ನು ಕೈಯಾರೆ ಕಟ್ಟಬೇಕಾಯಿತು.

ಈಗ ದೀಪದ ಸುತ್ತ ಇರುವ ಲೆನ್ಸಿಗೆ ಬರೋಣ. ನನಗೆ ಅತಿ ಇಷ್ಟದ ವಿಷಯ ಇದು. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಒಂದೇ ದಪ್ಪ ಗಾಜಿನ ಬದಲು ಗಾಜಿನ ಉಂಗುರಗಳನ್ನು ಹಿತ್ತಾಳೆ ಚೌಕಟ್ಟಿನಲ್ಲಿ ಕೂರಿಸಿದರು. ನಾಲ್ಕೂ ಕಡೆ ಚೆಲ್ಲಿ ಹೋಗುವ ಬೆಳಕನ್ನು ಅದು ಬಾಗಿಸಿ ಒಂದೇ ದಿಕ್ಕಿಗೆ ಕಳಿಸುತ್ತದೆ. ಟನ್‌ಗಟ್ಟಲೆ ತೂಗುವ ದೊಡ್ಡ ಲೆನ್ಸನ್ನೂ ಪಾದರಸದ ಮೇಲೆ ತೇಲಿಸಿದರೆ ಬೆರಳಲ್ಲಿ ತಳ್ಳಿದರೂ ತಿರುಗುತ್ತದೆ. ಅದನ್ನು ತಿರುಗಿಸೋಕೆ ಗೋಪುರದೊಳಗೆ ಒಂದು ಭಾರ ನಿಧಾನಕ್ಕೆ ಇಳಿಯುತ್ತಿತ್ತು. ಇಳಿದದ್ದನ್ನು ಬಾವಿಯಿಂದ ಕೊಡ ಎಳೆದ ಹಾಗೆ ಮತ್ತೆ ಮೇಲೆ ಎಳೆಯಬೇಕು. ರಾತ್ರಿಯಿಡೀ ಇದೇ ಕೆಲಸ. ಹಗಲಲ್ಲಿ ಪರದೆ ಎಳೆದು ಲೆನ್ಸ್ ಮುಚ್ಚುತ್ತಿದ್ದರು. ಇಲ್ಲದಿದ್ದರೆ ಬಿಸಿಲು ಅದೇ ಗಾಜಿನಿಂದ ಒಳಗೆ ಬಂದು ಒಂದೇ ಕಡೆ ಬಿದ್ದು ಬೆಂಕಿ ಹತ್ತುವ ಅಪಾಯ ಇತ್ತು.

ಲೆನ್ಸ್ ತಿರುಗುವಾಗ ದೂರದಲ್ಲಿರುವವರಿಗೆ ಬೆಳಕು ಮಿಂಚಿದ ಹಾಗೆ ಕಾಣುತ್ತದೆ. ಪ್ರತಿ ಲೈಟ್‌ಹೌಸಿನ ಮಿಂಚಿಗೂ ಅದರದ್ದೇ ಲೆಕ್ಕ ಇದೆ. ಎಷ್ಟು ಸಲ ಮಿಂಚಿತು, ನಡುವೆ ಎಷ್ಟು ಸೆಕೆಂಡ್ ಕತ್ತಲೆ ಅಂತ ಎಣಿಸಿದರೆ ಅದು ಯಾವ ಊರಿನ ದೀಪ ಅಂತ ಗೊತ್ತಾಗುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಸಿಗ್ನಲ್ ಬೇಡ. ಕಣ್ಣು ಮತ್ತು ಎಣಿಕೆ ಸಾಕು. ಮಂಜೇಶ್ವರದಲ್ಲೋ ಕಸಬಾ ಕಡಪ್ಪುರದಲ್ಲೋ ವಯಸ್ಸಾದ ಮೀನುಗಾರರ ಹತ್ತಿರ ಕೂತು ಈ ಮಾತು ತೆಗೆಯಿರಿ. ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.

ಜಿಪಿಎಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಎಷ್ಟೋ ಜೀವ ಉಳಿಸಿದೆ. ಆದರೆ ಸುಳ್ಳು ಸಿಗ್ನಲ್ ಕಳಿಸಿ ಅದನ್ನು ಮೋಸಗೊಳಿಸಬಹುದು. 2017ರಲ್ಲಿ ಕಪ್ಪು ಸಮುದ್ರದಲ್ಲಿ ಇಪ್ಪತ್ತರಷ್ಟು ಹಡಗುಗಳಿಗೆ ಹೀಗೇ ಆಯಿತು. ಹಡಗು ಇದ್ದದ್ದು ನೀರಿನಲ್ಲಿ, ಜಿಪಿಎಸ್ ತೋರಿಸಿದ್ದು ನೆಲದ ಮೇಲಿನ ವಿಮಾನ ನಿಲ್ದಾಣವನ್ನು! ಅಂಥ ಹೊತ್ತಿನಲ್ಲಿ ಜಿಪಿಎಸ್ ಪರದೆ ಹೇಳುವುದು ನಿಜವೋ ಸುಳ್ಳೋ ಅಂತ ನೋಡೋಕೆ ದಡದಲ್ಲಿ ಒಂದು ದೀಪ ಬೇಕೇ ಬೇಕು.

2024ರ ಫೆಬ್ರವರಿಯಲ್ಲಿ ದೇಶದ 75 ಲೈಟ್‌ಹೌಸ್‌ಗಳ ಪ್ರವಾಸಿ ಸೌಲಭ್ಯಗಳನ್ನು ಉದ್ಘಾಟಿಸಿದರು. ಒಳ್ಳೆಯದೇ. ಮಕ್ಕಳು ಮೆಟ್ಟಿಲು ಹತ್ತಲಿ, ಕಡಲು ನೋಡಲಿ. ಆದರೆ ಸುಮ್ನೆ ಬಣ್ಣ ಬಳಿದು, ಕ್ಯಾಂಟೀನ್ ಹಾಕಿ, ಹಳೆ ಲೆನ್ಸ್ ಬಿಚ್ಚಿ ಮೂಲೆಗೆ ಇಟ್ಟರೆ ಉಳಿಯುವುದು ಖಾಲಿ ಗೋಪುರ. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯ್ದೆಯಲ್ಲಿ ಲೈಟ್‌ಹೌಸ್‌ಗಳನ್ನು ಪಾರಂಪರಿಕ ಎಂದು ಘೋಷಿಸುವ ಅವಕಾಶ ಇದೆ. ಹಡಗಿಗೆ ದಾರಿ ತೋರಿಸುವ ಕೆಲಸದ ಜೊತೆಗೆ ಶಿಕ್ಷಣ, ಸಂಸ್ಕೃತಿ, ಪ್ರವಾಸೋದ್ಯಮ ಎಂಬುದೇ ಅದರ ಉದ್ದೇಶ. ಜೊತೆಗೆ, ಬದಲಿಗೆ ಅಲ್ಲ. ನಾವು ಕೇಳಬೇಕಾದ್ದೂ ಇಷ್ಟೇ. ಹಳೆ ಲೆನ್ಸ್ ಎಲ್ಲಿದೆಯೋ ಅಲ್ಲೇ ಇರಲಿ, ದೀಪ ರಾತ್ರಿ ಉರಿಯಲಿ.

ಮಿನಿಕಾಯ್‌ಗೆ ಹೋಗೋಕೆ ಪರವಾನಗಿ ಬೇಕು, ಎಲ್ಲರಿಗೂ ಆಗುವ ಮಾತಲ್ಲ. ಕಾಪುವಿಗಾದರೂ ಹೋಗಿ. ಮೇಲೆ ಹತ್ತಿದಾಗ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವ ಮೊದಲು, ದೀಪ ಹೇಗೆ ಕೆಲಸ ಮಾಡುತ್ತದೆ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅವರು ಹೇಳಿದ್ದನ್ನು ಈ ವಿಡಿಯೊದ ಕೆಳಗೆ ಬರೆಯಿರಿ.