ಒಲಿಂಪೋಸ್‌ನ ಒಲೆ ಮುಂದೆ

ಈ ಒಲೆ ನೋಡಿ. ಮನೆ ಒಳಗಲ್ಲ, ಓಣಿಯ ಪಕ್ಕದಲ್ಲಿದೆ. ಒಳಗೆ ಕಟ್ಟಿಗೆ ಧಗಧಗ ಉರೀತಿದೆ. ಅಜ್ಜಿ ಬಗ್ಗಿ ಬಗ್ಗಿ ನೋಡ್ತಿರೋದು ಬೆಂಕಿನಲ್ಲ, ಮೇಲಿನ ಗುಮ್ಮಟಾನ. ಅಲ್ಲಿನ ಮಸಿ ಸುಟ್ಟು ಕಲ್ಲು ಬೆಳ್ಳಗಾದ್ರೆ ಕಾವು ಹದಕ್ಕೆ ಬಂದ ಹಾಗೆ. ಆಮೇಲೆ ಕೆಂಡ ಬದಿಗೆ ಸರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರೆಡ್ ಒಳಗೆ ಹೋಗುತ್ತೆ. ಗಡಿಯಾರದ ಕೆಲಸವೇ ಇಲ್ಲ.

ನಾನೀಗ ಗ್ರೀಸ್‌ನ ಕಾರ್ಪಥೋಸ್ ದ್ವೀಪದಲ್ಲಿದ್ದೀನಿ. ಊರಿನ ಹೆಸರು ಒಲಿಂಪೋಸ್. ಗ್ರೀಕ್ ಪುರಾಣದ ದೇವತೆಗಳಿರೋ ಒಲಿಂಪಸ್ ಪರ್ವತ ಬೇರೆ, ಇದು ಬೇರೆ. ಕೆಳಗೆ ದ್ಯಾಫಾನಿ ಅನ್ನೋ ಪುಟ್ಟ ಬಂದರಲ್ಲಿ ಇಳಿದು, ಬೆಟ್ಟ ಹತ್ತಿ ಬಂದೆ. ಸಮುದ್ರ ಅಷ್ಟು ಹತ್ತಿರ ಇದ್ರೂ ಈ ಎತ್ತರದಲ್ಲಿ ಯಾಕೆ ಮನೆ ಕಟ್ಟಿದ್ರು? ಕಡಲ್ಗಳ್ಳರ ಕಾಟ. ಕರಾವಳಿಯ ಊರುಗಳನ್ನ ಬಿಟ್ಟು ಜೀವ ಉಳಿಸಿಕೊಳ್ಳೋಕೆ ಇಲ್ಲಿಗೆ ಬಂದವರ ವಂಶದವರು ಇವರು. ಕರೆಂಟ್ ಬಂದಿದ್ದೇ 1980ರ ಸುಮಾರಿಗೆ. ಇವರ ಆಡುಮಾತಲ್ಲಿ ಪ್ರಾಚೀನ ಡೋರಿಕ್ ಗ್ರೀಕಿನ ಪದಗಳು ಇನ್ನೂ ಉಳಿದಿವೆ.

ಅಜ್ಜಿಗೆ ಗ್ರೀಕಲ್ಲಿ ಯಾಯಾ ಅಂತಾರೆ. ಈ ಯಾಯಾ ತಲೆಗೆ ಹೂವಿನ ಕಪ್ಪು ವಸ್ತ್ರ ಕಟ್ಟಿದ್ದಾರೆ, ಕಾಲಿಗೆ ಉದ್ದನೆ ಚರ್ಮದ ಬೂಟು. ನಾನು ಬರ್ತೀನಿ ಅಂತ ಹಾಕ್ಕೊಂಡಿದ್ದಲ್ಲ, ದಿನಾ ಉಡೋದೇ ಇದು.

ಮಕರೂನೆಸ್ ಅನ್ನೋ ಇಲ್ಲಿನ ಪಾಸ್ತಾ ಮಾಡೋದನ್ನೂ ತೋರಿಸಿದ್ರು. ಕಣಕದ ತುಂಡನ್ನ ಬೆರಳಲ್ಲಿ ಒತ್ತಿ ಎಳೆದ್ರೆ ಕವಡೆ ಹಾಗೆ ಸುರುಳಿಯಾಗುತ್ತೆ. ನಂದು ಮೂರು ಸಲ ಚಪ್ಪಟೆಯಾಯ್ತು. ಮಾತಾಡದೆ ನನ್ನ ಹೆಬ್ಬೆರಳು ಹಿಡಿದು, ಒತ್ತಬೇಕಾದ ಜಾಗಕ್ಕೆ ತಂದಿಟ್ರು. ಬೇಯಿಸಿದ ಮೇಲೆ ಕೆಂಪಗೆ ಹುರಿದ ಈರುಳ್ಳಿ, ಊರಿನ ಚೀಸು. ಅಷ್ಟೇ. ಎರಡು ತಟ್ಟೆ ತಿಂದೆ.

ಇಲ್ಲಿ ತಾಯಿಯ ಆಸ್ತಿ ಹಿರೀ ಮಗಳಿಗೆ, ತಂದೆಯದು ಹಿರೀ ಮಗನಿಗೆ ಹೋಗೋದು ಹಳೇ ಪದ್ಧತಿ. ಆ ಹಿರೀ ಮಗಳನ್ನ ಕನಕರಾ ಅಂತಾರೆ, ಹಬ್ಬದ ದಿನ ಅವಳ ಎದೆ ತುಂಬ ಚಿನ್ನದ ನಾಣ್ಯ. ನೋಡೋಕೆ ಚೆಂದ, ನಿಜ. ಆದ್ರೆ ಉಳಿದ ಮಕ್ಕಳ ಪಾಡೇನು ಅಂತ ನನಗೆ ಹೊಟ್ಟೆ ಚುರ್ ಅಂತು. ಎಷ್ಟೋ ಜನ ದುಡಿಮೆ ಹುಡುಕಿ ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ಗೆ, ಅಮೆರಿಕದ ಬಾಲ್ಟಿಮೋರ್‌ಗೆ ಹೋದ್ರು. ಆಗಸ್ಟ್ 15ರ, ಯೇಸುವಿನ ತಾಯಿ ಮರಿಯಮ್ಮನವರ ಹಬ್ಬಕ್ಕೆ ಊರು ತುಂಬುತ್ತೆ.

ಸಂಜೆಯಾಯ್ತು. ಇದು ಗಾಳಿಗಿರಣಿಗಳ ಸಾಲು, ಕುದುರೆ ಲಾಳದ ಆಕಾರದ ಕಲ್ಲಿನ ಗೋಡೆ. ಕೆಳಗೆ ಪಶ್ಚಿಮದ ಕಡಲು. ಗಾಳಿಯ ಸದ್ದಲ್ಲಿ ನನ್ನ ದನಿ ಸರಿಯಾಗಿ ಕೇಳಿಸ್ತಿಲ್ಲ, ಗೊತ್ತು. ಇನ್ನರ್ಧ ನಿಮಿಷ ನಾನು ಮಾತಾಡಲ್ಲ. ಈ ಗಾಳೀನೇ ಕೇಳಿ.