‘ಮತ್ತಾಯನು ಬರೆದ’ ಎಂದು ಬರೆದವರು ಯಾರು?

[ದೃಶ್ಯ: ಮೇಜಿನ ಮೇಲೆ ಬಿಡಿಸಿಟ್ಟ ಕನ್ನಡ ಬೈಬಲ್. ಶೀರ್ಷಿಕೆಯ ಮೇಲೆ ಬೆರಳು.]

ನಮಸ್ಕಾರ. ನಮ್ಮಲ್ಲಿ ಬಹಳ ಮನೆಗಳಲ್ಲಿರುವ ಕನ್ನಡ ಬೈಬಲ್‌ನಲ್ಲಿ ಹೊಸ ಒಡಂಬಡಿಕೆ ಶುರುವಾಗುವುದು ಹೀಗೆ: ‘ಮತ್ತಾಯನು ಬರೆದ ಸುವಾರ್ತೆ’. ಸುವಾರ್ತೆ ಎಂದರೆ ಯೇಸುವಿನ ಬದುಕು, ಬೋಧೆಗಳ ಕಥನ; ಮತ್ತಾಯ ಅವನ ಹನ್ನೆರಡು ಶಿಷ್ಯರಲ್ಲೊಬ್ಬ. ಶೀರ್ಷಿಕೆಯ ‘ಬರೆದ’ ಎಂಬ ಪದವನ್ನು ಗಮನಿಸಿ. ಗ್ರೀಕ್ ಹಸ್ತಪ್ರತಿಗಳ ಶೀರ್ಷಿಕೆಯಲ್ಲಿ ಅದು ಇಲ್ಲ. ಅಲ್ಲಿರುವುದು ‘ಕಟಾ ಮತ್ಥಾಯೊನ್’, ಅಂದರೆ ‘ಮತ್ತಾಯನ ಪ್ರಕಾರ’. ಈ ಶೀರ್ಷಿಕೆಯೂ ಆಮೇಲೆ ಸೇರಿದ್ದೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಒಳಗೆಲ್ಲೂ ‘ನಾನು ಮತ್ತಾಯ’ ಎಂಬ ಮಾತಿಲ್ಲ. ನಮ್ಮ ಶರಣರ ವಚನಗಳಲ್ಲಿರುವಂಥ ಅಂಕಿತವೂ ಇಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕೂ ಸುವಾರ್ತೆಗಳನ್ನು ಹೆಸರು ಹಿಡಿದು ಒಟ್ಟಿಗೆ ಹೇಳಿರುವುದು ನಮಗೆ ಮೊದಲು ಸಿಗುವುದು ಇಂದಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್‌ನ ಬರಹದಲ್ಲಿ, ಸುಮಾರು ಕ್ರಿ.ಶ. 180ರಲ್ಲಿ. ಯೇಸುವನ್ನು ಶಿಲುಬೆಗೇರಿಸಿ ಅಷ್ಟರಲ್ಲಿ ನೂರೈವತ್ತು ವರ್ಷಗಳಾಗಿದ್ದವು.

[ದೃಶ್ಯ: ಪರದೆಯ ಎರಡು ಭಾಗಗಳಲ್ಲಿ ಮತ್ತಾಯ 9:9, ಮಾರ್ಕ 2:14.]

ಈಗ ಸುಂಕದ ಕಟ್ಟೆಗೆ ಬನ್ನಿ. ಯೇಸು ದಾರಿಯಲ್ಲಿ ಹೋಗುತ್ತಾ, ಅಲ್ಲಿ ಕುಳಿತಿದ್ದ ಒಬ್ಬನನ್ನು ಕಂಡು ‘ನನ್ನನ್ನು ಹಿಂಬಾಲಿಸು’ ಎನ್ನುತ್ತಾನೆ. ಅವನು ಎದ್ದು ಹಿಂದೆ ಹೋಗುತ್ತಾನೆ. ಎರಡು ಸುವಾರ್ತೆಗಳ ಗ್ರೀಕ್ ವಾಕ್ಯಗಳೂ ಹೆಚ್ಚುಕಡಿಮೆ ಒಂದೇ. ಆದರೆ ಮಾರ್ಕನಲ್ಲಿ ಅವನ ಹೆಸರು ಅಲ್ಫಾಯನ ಮಗ ಲೇವಿ, ಇಲ್ಲಿ ಮತ್ತಾಯ. ಒಬ್ಬನಿಗೇ ಎರಡು ಹೆಸರಿತ್ತು ಎಂಬುದು ಹಳೆಯ ಸಮಾಧಾನ. ಇರಲಿ. ನನ್ನನ್ನು ಕಾಡುವುದು ಬೇರೆ. ಮಾರ್ಕನ ಸುವಾರ್ತೆಯೇ ಮೊದಲಿನದೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ, ತನ್ನ ಬದುಕೇ ತಿರುಗಿದ ಆ ಗಳಿಗೆಯನ್ನು ಹೇಳಲು, ಅಲ್ಲಿ ಇರದಿದ್ದ ಮಾರ್ಕನ ವಾಕ್ಯವನ್ನು ಮತ್ತಾಯನೇಕೆ ಎರವಲು ಪಡೆಯಬೇಕು? ಇದೊಂದೇ ಕಡೆಯಲ್ಲ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ವಿಷಯ ಮತ್ತಾಯನಲ್ಲಿದೆ. ಕಣ್ಣಾರೆ ಕಂಡವನು ಹೀಗೆ ಬರೆಯುವುದಿಲ್ಲ ಎಂದೇ ನನಗನ್ನಿಸುತ್ತದೆ.

ಹಾಗೆಂದು ಎಲ್ಲವೂ ಕಟ್ಟುಕಥೆಯೇ? ಅಷ್ಟು ಅವಸರ ಬೇಡ. ಒಂದೊಂದು ಪ್ರಸಂಗವನ್ನೂ ಬೇರೆಯಾಗಿಯೇ ತೂಗಬೇಕು. ಯೇಸು ಹುಟ್ಟಿದ್ದು ಯೂದಾಯದ ರಾಜ ಹೆರೋದನ ಕಾಲದಲ್ಲಿ, ರೋಮನ್ ಅಧಿಪತಿ ಕುರೇನ್ಯನ ಜನಗಣತಿಯ ವೇಳೆ ಎಂಬ ಲೂಕನ ಮಾತು ತೂಕಕ್ಕೆ ನಿಲ್ಲುವುದಿಲ್ಲ: ಹೆರೋದ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ, ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಎರಡನ್ನೂ ಯೇಸುವಿನ ಜನನಕ್ಕೆ ಗಂಟು ಹಾಕಲಾಗದು.

[ದೃಶ್ಯ: ಯೊರ್ದಾನ್ ನದಿ.]

ದೀಕ್ಷಾಸ್ನಾನದ ಪ್ರಸಂಗ ಮಾತ್ರ ಗಟ್ಟಿ. ಪಾಪಪರಿಹಾರಕ್ಕೆಂದು ಸ್ನಾನಿಕ ಯೋಹಾನ (ಸುವಾರ್ತೆಯ ಯೋಹಾನನಲ್ಲ) ನದಿಯಲ್ಲಿ ಕೊಡುತ್ತಿದ್ದ ಸ್ನಾನಕ್ಕೆ ಯೇಸು ಹೋದನೆಂದು ಮಾರ್ಕ ಯಾವ ಅಳುಕೂ ಇಲ್ಲದೆ ಹೇಳಿಬಿಡುತ್ತಾನೆ. ಭಕ್ತರಿಗೆ ಇದು ಬಿಸಿತುಪ್ಪ: ಪಾಪವಿಲ್ಲದವನಿಗೆ ಆ ಸ್ನಾನವೇಕೆ? ಹಾಗಾಗಿ ಮತ್ತಾಯನಲ್ಲಿ ಯೋಹಾನನೇ ತಡೆಯುತ್ತಾನೆ, ‘ನಾನೇ ನಿನ್ನಿಂದ ಮಾಡಿಸಿಕೊಳ್ಳಬೇಕಾದವನು’ ಎಂದು. ನಾಲ್ಕನೆಯ ಸುವಾರ್ತೆಯಲ್ಲಿ ಈ ಸ್ನಾನಿಕ ಯೋಹಾನನಿದ್ದಾನೆ, ಪಾರಿವಾಳದಂತೆ ಇಳಿದ ಆತ್ಮವಿದೆ. ಯೇಸು ನೀರಿಗೆ ಇಳಿದ ಮಾತೇ ಇಲ್ಲ. ಇಷ್ಟು ಮುಜುಗರ ತರುವ ಸಂಗತಿಯನ್ನು ಯಾರೂ ತಾವಾಗಿ ಹೆಣೆಯುವುದಿಲ್ಲ.