ಕೈತುತ್ತು ಮತ್ತು ಕಣ್ಣೀರು

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೋದಲ್ಲಿ ಚಿತ್ರ ತೋರಿಸುವ ಹಾಗಿಲ್ಲ. ಹಾಗಾಗಿ ನಾನು ಹೇಳುತ್ತೇನೆ, ನೀವು ಒಂದು ಗಳಿಗೆ ಕಣ್ಣು ಮುಚ್ಚಿ ನೋಡಿಕೊಳ್ಳಿ.

ಹತ್ತು ವರ್ಷದ ಹುಡುಗಿ, ಹೆಸರು ಚಿಹಿರೊ. ಹೊಸ ಊರಿಗೆ ಹೊರಟವರು ದಾರಿ ತಪ್ಪಿ ದೆವ್ವ ದೇವತೆಗಳು ಓಡಾಡುವ ಊರಿಗೆ ಬಂದಿದ್ದಾರೆ. ಅಲ್ಲಿನ ಅಂಗಡಿಯಲ್ಲಿ ಯಾರಿಗೋ ಇಟ್ಟಿದ್ದ ಊಟವನ್ನು ಅಪ್ಪ ಅಮ್ಮ ಹಿಂದೆ ಮುಂದೆ ನೋಡದೆ ಬಾಚಿ ತಿಂದು ಹಂದಿಗಳಾಗಿಬಿಟ್ಟಿದ್ದಾರೆ. ಹುಡುಗಿ ಒಬ್ಬಳೇ. ಬದುಕಬೇಕಾದರೆ ಕೆಲಸ ಮಾಡಬೇಕು. ಕೆಲಸ ಕೊಟ್ಟ ಮಾಟಗಾತಿ ಅವಳ ಹೆಸರನ್ನೂ ಕಿತ್ತುಕೊಂಡಿದ್ದಾಳೆ. ಮಾರನೆಯ ಬೆಳಿಗ್ಗೆ ಹಾಕು ಅನ್ನುವ ಹುಡುಗ ಅವಳನ್ನು ಗಿಡಗಳ ಮರೆಯಲ್ಲಿ ಕೂರಿಸಿ ಒಂದು ಅನ್ನದ ಉಂಡೆ ಕೊಡುತ್ತಾನೆ. ನಿನಗೆ ಶಕ್ತಿ ಬರಲಿ ಅಂತ ಮಂತ್ರ ಹಾಕಿ ಮಾಡಿದ್ದೇನೆ, ತಿನ್ನು ಅನ್ನುತ್ತಾನೆ. ಅವಳು ಒಂದು ಕಚ್ಚು ಕಚ್ಚುತ್ತಾಳೆ. ಇನ್ನೊಂದು. ಆಮೇಲೆ ಕಣ್ಣಿಂದ ನೀರು ಸುರಿಯಲು ಶುರುವಾಗುತ್ತದೆ. ಗೋಲಿಯಷ್ಟು ದಪ್ಪ ದಪ್ಪ ಹನಿಗಳು. ಅಳುತ್ತಾಳೆ, ಆದರೆ ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಇದು 2001ರಲ್ಲಿ ಬಂದ ಹಯಾವೊ ಮಿಯಾಜಾಕಿ ಅವರ ‘ಸ್ಪಿರಿಟೆಡ್ ಅವೇ’. ಆ ಉಂಡೆಗೆ ಜಪಾನಿನಲ್ಲಿ ಒನಿಗಿರಿ ಅನ್ನುತ್ತಾರೆ. ನನಗೆ ನೆನಪಾದದ್ದು ನಮ್ಮಜ್ಜಿಯ ಕೈತುತ್ತು. ದೊಡ್ಡ ತಟ್ಟೆಯಲ್ಲಿ ಅನ್ನ ಸಾರು ಕಲಸಿ, ಸುತ್ತ ಕೂತ ಮೊಮ್ಮಕ್ಕಳ ಅಂಗೈಗೆ ಒಂದೊಂದೇ ಉಂಡೆ ಹಾಕುತ್ತಿದ್ದರಲ್ಲ, ಅದು.

ಅನಿಮೆ ಅಂದರೆ ಜಪಾನಿನ ಅನಿಮೇಷನ್. ದೊಡ್ಡ ಕಣ್ಣು, ಬಣ್ಣದ ಕೂದಲು, ಬರೀ ಕಿರುಚಾಟ ಹೊಡೆದಾಟ ಅಂತ ನಾನೂ ಅಂದುಕೊಂಡಿದ್ದೆ. ನನಗೆ ಅದರ ಪರಿಚಯ ಮಾಡಿಸಿದ್ದು ಅಕ್ಕನ ಮಗ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಾಲ್ಕು ವಿಷಯ ಬ್ಯಾಕ್ ಉಳಿದು, ಹಾಸ್ಟೆಲ್ ಬಿಟ್ಟು ಬಂದು ನಮ್ಮನೆಯಲ್ಲಿದ್ದ. ರೂಮಿನ ಬಾಗಿಲು ಹಾಕಿದರೆ ಸಂಜೆಯಾದರೂ ತೆಗೆಯುತ್ತಿರಲಿಲ್ಲ. ನಾನು ಬಾಗಿಲಾಚೆ ನಿಂತು ಬುದ್ಧಿ ಹೇಳುತ್ತಿದ್ದೆ. ನಮ್ಮ ಕಾಲದಲ್ಲಿ ಹೀಗೆಲ್ಲ ಇತ್ತಾ, ಎದ್ದು ವಾಕಿಂಗ್ ಹೋಗು, ಮನಸ್ಸು ಗಟ್ಟಿ ಮಾಡ್ಕೋ. ಒಂದು ದಿನ ಅವನೇ ಬಾಗಿಲು ತೆಗೆದು, ‘ಚಿಕ್ಕಮ್ಮ, ಇಲ್ಲಿ ಸುಮ್ನೆ ಕೂತ್ಕೊಂಡು ಇದನ್ನ ನೋಡ್ತೀಯಾ? ಮಾತಾಡ್ಬಾರ್ದು’ ಅಂದ. ಕೂತೆ. ಅವತ್ತು ಅವನು ಹಾಕಿದ್ದು ‘ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್’.

ಚಿಕಾ ಉಮಿನೊ ಎಂಬ ಲೇಖಕಿ 2007ರಿಂದ ಬರೆಯುತ್ತಾ ಬಂದ ಕಾಮಿಕ್ಸ್ ಇದು. ಅನಿಮೆಯಾಗಿ 2016ರಿಂದ 2018ರ ನಡುವೆ 44 ಕಂತುಗಳಲ್ಲಿ ಬಂತು. ನಾಯಕ ರೇ ಕಿರಿಯಾಮಾ, ವಯಸ್ಸು 17. ಶೋಗಿ, ಅಂದರೆ ಜಪಾನಿನ ಚದುರಂಗ, ಅದರಲ್ಲಿ ವೃತ್ತಿಪರ ಆಟಗಾರ. ಮಿಡ್ಲ್ ಸ್ಕೂಲಿನಲ್ಲಿರುವಾಗಲೇ ವೃತ್ತಿಪರನಾದ ಐದನೆಯವನು ಅಂತ ಕಥೆ. ಇದೊಂದು ತಮಾಷೆ ಕೇಳಿ. ಕಥೆ ಬರೆಯಲು ಶುರು ಮಾಡಿದಾಗ ನಿಜಜೀವನದಲ್ಲಿ ಅಂಥವರು ನಾಲ್ಕೇ ಜನ ಇದ್ದರು. 2016ರ ಅಕ್ಟೋಬರ್‌ನಲ್ಲಿ ಅನಿಮೆ ಶುರುವಾಯಿತು, ಅದೇ ತಿಂಗಳು 14 ವರ್ಷದ ಸೋತಾ ಫುಜಿಯಿ ನಿಜವಾಗಿಯೇ ಐದನೆಯವನಾದ!

ರೇ ಚಿಕ್ಕವನಿದ್ದಾಗ ಅಪ್ಪ, ಅಮ್ಮ, ತಂಗಿ ಮೂವರೂ ಅಪಘಾತದಲ್ಲಿ ಹೋಗಿಬಿಟ್ಟರು. ಸಾವಿನ ಮನೆಗೆ ಅಪ್ಪನ ಗೆಳೆಯರೊಬ್ಬರು, ಶೋಗಿ ಆಟಗಾರರು, ಬರುತ್ತಾರೆ. ಹುಡುಗನ ಮುಂದೆ ಕೂತು ‘ನಿನಗೆ ಶೋಗಿ ಇಷ್ಟವಾ?’ ಅಂತ ಕೇಳುತ್ತಾರೆ. ಹುಡುಗ ಹೌದು ಅನ್ನುತ್ತಾನೆ. ಅದು ಸುಳ್ಳು. ಹೌದು ಅಂದರೆ ಒಂದು ಮನೆ ಸಿಗುತ್ತದೆ ಅಂತ ಅವನಿಗೆ ಗೊತ್ತಾಗಿರುತ್ತದೆ. ಆ ಒಂದು ಸುಳ್ಳಿನ ಮೇಲೆ ಅವನ ಇಡೀ ಬದುಕು ನಿಂತಿದೆ. ಸಾಕಿದ ಮನೆಯಲ್ಲಿ ಇವನು ಆಟದಲ್ಲಿ ಮುಂದೆ ಹೋದಷ್ಟೂ ಆ ಮನೆಯ ಸ್ವಂತ ಮಕ್ಕಳು ಹಿಂದೆ ಬೀಳುತ್ತಾರೆ, ಒಡೆದುಹೋಗುತ್ತಾರೆ. ಕೊನೆಗೆ ಇವನೇ ಮನೆ ಬಿಟ್ಟು ಟೋಕಿಯೊದ ನದಿ ದಂಡೆಯಲ್ಲಿ ಒಂದು ಬಾಡಿಗೆ ಮನೆ ಹಿಡಿಯುತ್ತಾನೆ. ಅಲ್ಲಿ ಸಾಮಾನೇ ಇಲ್ಲ. ಮನೆ ನೋಡಿದರೆ ಮನಸ್ಸು ಗೊತ್ತಾಗುತ್ತದೆ ಅಂತಾರಲ್ಲ, ಹಾಗೆ.

ಸೇತುವೆ ದಾಟಿದರೆ ಆಚೆ ದಡದಲ್ಲಿ ಇನ್ನೊಂದು ಹಳೇ ಮನೆ. ಅಲ್ಲಿ ಮೂವರು ಅಕ್ಕತಂಗಿಯರು, ಅಕಾರಿ, ಹಿನಾತಾ, ಪುಟ್ಟ ಮೊಮೊ. ಜೊತೆಗೆ ಸಿಹಿತಿಂಡಿ ಅಂಗಡಿ ಇಟ್ಟಿರುವ ತಾತ, ಸದಾ ಹಸಿದ ಬೆಕ್ಕುಗಳು. ಆ ಮನೆಗೂ ಸಾವು ಬಂದು ಹೋಗಿದೆ, ಅಮ್ಮ ಇಲ್ಲ, ಅಜ್ಜಿ ಇಲ್ಲ. ಒಂದು ರಾತ್ರಿ ಹಿರಿಯ ಆಟಗಾರರು ರೇಗೆ ಕುಡಿಸಿ ಬೀದಿಯಲ್ಲಿ ಬಿಟ್ಟು ಹೋಗಿರುತ್ತಾರೆ. ದೊಡ್ಡವಳು ಅಕಾರಿ ಅವನನ್ನು ಎತ್ತಿ ಮನೆಗೆ ಕರೆತರುತ್ತಾಳೆ. ಅಷ್ಟೇ ಪರಿಚಯ. ಮೊದಲ ಕಂತಿನಲ್ಲಿ ರೇ ತನ್ನನ್ನು ಸಾಕಿದ ತಂದೆಯನ್ನೇ ಆಟದಲ್ಲಿ ಸೋಲಿಸಿ, ಕಲ್ಲಾಗಿ ಕೂತಿರುವಾಗ ಅವನ ಫೋನಿಗೆ ಒಂದು ಮೆಸೇಜು ಬರುತ್ತದೆ. ಇವತ್ತು ರಾತ್ರಿ ಕರ್ರಿ ಮಾಡಿದ್ದೇವೆ, ಊಟಕ್ಕೆ ಬಾ. ಹೇಗಿದ್ದೀಯ ಅಂತ ಅಲ್ಲ, ಯಾಕೆ ಸಪ್ಪಗಿದ್ದೀಯ ಅಂತಲೂ ಅಲ್ಲ. ಕರ್ರಿ.

ಇಲ್ಲಿ ನಾನು ಅಕ್ಕನ ಮಗನ ಮುಖ ನೋಡಲಿಲ್ಲ. ಮಾತಾಡಬಾರದು ಅಂದಿದ್ದನಲ್ಲ.

ವೈದ್ಯರ ಹತ್ತಿರ ಹೋದರೆ ಅವರು ಕೇಳುವ ಪ್ರಶ್ನೆಗಳಲ್ಲಿ ಎರಡು ಇರಲೇಬೇಕು. ನಿದ್ದೆ ಹೇಗಿದೆ, ಹಸಿವು ಹೇಗಿದೆ. ಖಿನ್ನತೆ ಅನ್ನುವುದು ಬರೀ ದುಃಖವಲ್ಲ. ಅದು ಹೊಟ್ಟೆಗೂ ಇಳಿಯುತ್ತದೆ. ಕೆಲವರಿಗೆ ತುತ್ತು ಇಳಿಯುವುದಿಲ್ಲ, ಕೆಲವರಿಗೆ ಎಷ್ಟು ತಿಂದರೂ ಸಾಲದು. ಅನಿಮೆ ಮಾಡುವವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ ಅನ್ನಿಸುತ್ತದೆ. ಮನಸ್ಸಿನ ಒಳಗನ್ನು ಚಿತ್ರದಲ್ಲಿ ಬರೆಯುವುದು ಕಷ್ಟ. ತಟ್ಟೆಯನ್ನು ಬರೆಯಬಹುದು.

ಇದಕ್ಕೆ ದೊಡ್ಡ ಉದಾಹರಣೆ ‘ಇವ್ಯಾಂಜೆಲಿಯನ್’. 1995ರ ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ಶುರುವಾಗಿ 26 ಕಂತು ಬಂತು. 1995 ಜಪಾನಿಗೆ ಕೆಟ್ಟ ವರ್ಷ. ಜನವರಿಯಲ್ಲಿ ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಮಾರ್ಚ್‌ನಲ್ಲಿ ಟೋಕಿಯೊ ಮೆಟ್ರೋದಲ್ಲಿ ವಿಷಾನಿಲ ಬಿಟ್ಟರು. ‘ಕೊಕೊರೊ ನೊ ಕೇರ್’, ಅಂದರೆ ಮನಸ್ಸಿನ ಆರೈಕೆ, ಅನ್ನುವ ಮಾತು ಅಲ್ಲಿ ಮನೆಮಾತಾದದ್ದೇ ಆ ಭೂಕಂಪದ ನಂತರ. ಇಯಾಶಿ ಅನ್ನುವ ಇನ್ನೊಂದು ಪದವೂ ಆ ಕಾಲದಲ್ಲಿ ಎಲ್ಲರ ಬಾಯಲ್ಲಿ ಓಡಾಡಿತು. ಇಯಾಶಿ ಅಂದರೆ ಗಾಯ ಮಾಯಿಸುವುದು. ಮುಂದೆ ‘ಇಯಾಶಿಕೆ’ ಅಂತ ಅನಿಮೆಯಲ್ಲಿ ಒಂದು ಬಗೆಯೇ ಹುಟ್ಟಿಕೊಂಡಿತು. ಅವುಗಳಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಹುಡುಗಿಯರು ಗುಡ್ಡದ ತಪ್ಪಲಲ್ಲಿ ಟೆಂಟು ಹಾಕಿ ನೂಡಲ್ಸ್ ಬೇಯಿಸಿಕೊಳ್ಳುತ್ತಾರೆ, ಹಬೆ ಏಳುತ್ತದೆ, ಮುಗಿಯಿತು. ದಿನವಿಡೀ ದುಡಿದು ಬಂದವರು ಅದನ್ನು ಹಾಕಿಕೊಂಡು ಹಾಗೇ ನಿದ್ದೆ ಹೋಗುತ್ತಾರಂತೆ. ನಾನೂ ಹೋಗಿದ್ದೇನೆ.

ಇವ್ಯಾಂಜೆಲಿಯನ್ ನಿದ್ದೆ ಕೆಡಿಸುವ ಜಾತಿ. ಮಾಡಿದವರ ಹೆಸರು ಹಿದೆಆಕಿ ಅನ್ನೊ. ಹೆಸರಿನಲ್ಲೇ ಅನ್ನ ಇದೆ ನೋಡಿ ಅಂತ ನಮ್ಮ ಹುಡುಗ ನಕ್ಕಿದ್ದ, ಎಷ್ಟೋ ದಿನದ ಮೇಲೆ. ಈ ಅನ್ನೊ ಅದನ್ನು ಮಾಡುವ ಮುಂಚೆ ನಾಲ್ಕು ವರ್ಷ ಏನೂ ಮಾಡಲಾಗದೆ ಕುಸಿದು ಕೂತಿದ್ದವರು. ತಮ್ಮನ್ನೇ ಅದರಲ್ಲಿ ಸುರಿದರು. ಶಿಂಜಿ ಅನ್ನುವ 14 ವರ್ಷದ ಹುಡುಗ. ಅಪ್ಪ ಅವನನ್ನು ಕರೆಸಿಕೊಂಡಿರುವುದು ಪ್ರೀತಿಯಿಂದಲ್ಲ, ಒಂದು ದೈತ್ಯ ಯಂತ್ರವನ್ನು ಓಡಿಸಲಿಕ್ಕೆ. ಟಿವಿಯ ಕೊನೆಯ ಎರಡು ಕಂತುಗಳಲ್ಲಿ ಯುದ್ಧವೇ ಇಲ್ಲ, ಹುಡುಗನ ತಲೆಯೊಳಗಿನ ಮಾತು ಅಷ್ಟೇ. ಕೊನೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ಅಭಿನಂದನೆ ಹೇಳುತ್ತಾರೆ. ನೋಡಿದವರು ಸಿಟ್ಟಾದರು. ನನಗೂ ಅದು ಒಪ್ಪಿಗೆಯಾಗಲಿಲ್ಲ. ಒಳಗೆ ಕೂತು ಯೋಚಿಸಿ ಯೋಚಿಸಿ ಒಂದು ದಿನ ತಾನೇ ಸರಿಹೋದೆ ಅಂದರೆ ನಂಬುವುದು ಹೇಗೆ?

ಅನ್ನೊ ಅವರಿಗೂ ಅದು ಸಾಲಲಿಲ್ಲ ಅಂತ ಕಾಣುತ್ತದೆ. ಅದೇ ಕಥೆಯನ್ನು ಮತ್ತೆ ಸಿನಿಮಾಗಳಾಗಿ ಮಾಡುತ್ತಾ ಹೋದರು. 2012ರಲ್ಲಿ ಮೂರನೆಯದು ಬಂದ ಮೇಲೆ ತಾನು ಮತ್ತೆ ಖಿನ್ನತೆಗೆ ಬಿದ್ದೆ ಅಂತ 2015ರಲ್ಲಿ ಅವರೇ ಬಹಿರಂಗವಾಗಿ ಬರೆದರು. ಕೊನೆಯದು ಬಂದದ್ದು 2021ರ ಮಾರ್ಚ್‌ನಲ್ಲಿ. ಟಿವಿಯಲ್ಲಿ ಶುರುವಾಗಿ ಇಪ್ಪತ್ತೈದು ವರ್ಷ ಆಗಿಹೋಗಿತ್ತು.

ಆ ಸಿನಿಮಾದ ಮೊದಲ ಒಂದು ಗಂಟೆ ನೋಡಬೇಕು. ಶಿಂಜಿಯ ಕಣ್ಣೆದುರೇ ಗೆಳೆಯ ಸತ್ತಿದ್ದಾನೆ. ಲೋಕ ಹಾಳಾದದ್ದು ತನ್ನಿಂದ ಅಂತ ಅವನು ನಂಬಿದ್ದಾನೆ. ಬದುಕುಳಿದವರು ಕಟ್ಟಿಕೊಂಡ ಒಂದು ಹಳ್ಳಿಗೆ ಅವನನ್ನು ತರುತ್ತಾರೆ. ಅಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಗದ್ದೆ ನಾಟಿ ಮಾಡುತ್ತಿರುತ್ತಾರೆ. ಶಿಂಜಿ ಮೂಲೆಯಲ್ಲಿ ಬಿದ್ದಿರುತ್ತಾನೆ. ಮಾತಿಲ್ಲ, ಊಟವಿಲ್ಲ. ಒಂದು ಮನೆಯ ಯಜಮಾನ ಬೈಯುತ್ತಾನೆ, ಕೊಟ್ಟ ಅನ್ನ ತಿನ್ನದಿರುವುದು ಮರ್ಯಾದೆಯಲ್ಲ ಅಂತ. ಆ ಮಾತು ನನ್ನ ಬಾಯಿಂದಲೇ ಬಂದ ಹಾಗಿತ್ತು. ಇನ್ನೊಬ್ಬಳು ಹುಡುಗಿ ರೇಗಿಹೋಗಿ ಬಾಯಿಗೇ ತುರುಕುತ್ತಾಳೆ. ಹಳೆಯ ಗೆಳೆಯ ಕೆನ್‌ಸುಕೆ ಮಾತ್ರ, ಬಿಡಿ, ಅವನಿಗೆ ಹೊತ್ತು ಬೇಕು ಅನ್ನುತ್ತಾನೆ. ಶಿಂಜಿ ಎದ್ದು ಹೋಗಿ ಕೆರೆಯ ದಂಡೆಯ ಪಾಳು ಕಟ್ಟಡದಲ್ಲಿ ಕೂರುತ್ತಾನೆ. ಒಬ್ಬಳು ಹುಡುಗಿ ದಿನವೂ ಅಲ್ಲಿಗೆ ಬಂದು ಒಂದು ರೇಷನ್ ಪೊಟ್ಟಣ ಇಟ್ಟು ಹೋಗುತ್ತಾಳೆ. ಕೊನೆಗೊಂದು ದಿನ ಅವನು ಅದನ್ನು ಹರಿದು ತಿನ್ನುತ್ತಾನೆ. ಚಿಹಿರೊ ಅತ್ತದ್ದು ಚೆಂದವಾಗಿತ್ತು. ಇವನದ್ದು ಹಾಗಲ್ಲ. ಮೂಗು ಸೋರುತ್ತದೆ, ಗೊರಗೊರ ಸದ್ದು, ತುಂಡು ಗಂಟಲಲ್ಲಿ ಸಿಕ್ಕುತ್ತದೆ, ಆದರೂ ತಿನ್ನುತ್ತಾನೆ. ಎಲ್ಲರೂ ಯಾಕೆ ನನ್ನ ಮೇಲೆ ಇಷ್ಟು ಅಕ್ಕರೆ ತೋರಿಸುತ್ತೀರಿ ಅಂತ ಅವನು ಅಳುತ್ತಲೇ ಕೇಳುತ್ತಾನೆ. ಎಲ್ಲರಿಗೂ ನೀನು ಇಷ್ಟ, ಅದಕ್ಕೆ ಅನ್ನುತ್ತಾಳೆ ಆ ಹುಡುಗಿ.

ಸಿನಿಮಾ ನಿಲ್ಲಿಸಿ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಿದ್ದೆ.

‘ಎ ಸೈಲೆಂಟ್ ವಾಯ್ಸ್’ ಬಗ್ಗೆಯೂ ಒಂದು ಮಾತು. 2016ರದ್ದು, ಕ್ಯೋಟೊ ಅನಿಮೇಷನ್ ಮಾಡಿದ್ದು, ನಿರ್ದೇಶಕಿ ನಾವೊಕೊ ಯಮಾದಾ. ಕಿವಿ ಕೇಳದ ಹುಡುಗಿಯನ್ನು ಚಿಕ್ಕಂದಿನಲ್ಲಿ ಕಾಡಿದ ಹುಡುಗ, ದೊಡ್ಡವನಾದ ಮೇಲೆ ಯಾರ ಮುಖವನ್ನೂ ನೋಡಲಾರ. ಎಲ್ಲರ ಮುಖದ ಮೇಲೂ ಅವನಿಗೆ ಒಂದೊಂದು ಇಂಟು ಗುರುತು ಕಾಣುತ್ತದೆ. ಅವನು ಹಾಳು ಮಾಡಿದ ಶ್ರವಣಯಂತ್ರಗಳಿಗೆ ಅಮ್ಮ ಹಣ ತೆತ್ತಿರುತ್ತಾಳೆ. ಆ 17 ಲಕ್ಷ ಯೆನ್ ದುಡಿದು ಕೂಡಿಸಿ, ಮಲಗಿದ್ದ ಅಮ್ಮನ ಪಕ್ಕದಲ್ಲಿಟ್ಟು ಸಾಯಲು ಹೊರಟವನು ವಾಪಸ್ಸು ಬರುತ್ತಾನೆ. ಮಾರನೆ ದಿನ ತಿಂಡಿಯ ಹೊತ್ತಿಗೆ ಅಮ್ಮ ತಣ್ಣಗೆ ಮಾತು ತೆಗೆಯುತ್ತಾಳೆ. ಇನ್ನೆಂದೂ ಸಾಯಲ್ಲ ಅಂತ ಮಾತು ಕೊಡು, ಇಲ್ಲದಿದ್ದರೆ ಈ ದುಡ್ಡು ಸುಡುತ್ತೇನೆ ಅಂತ ಲೈಟರ್ ಹಿಡಿಯುತ್ತಾಳೆ. ಅವನು ಮಾತು ಕೊಡುತ್ತಾನೆ. ಅಷ್ಟರಲ್ಲಿ ಕಂತೆಗೆ ನಿಜವಾಗಿಯೂ ಬೆಂಕಿ ಹತ್ತಿಬಿಡುತ್ತದೆ! ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಇಷ್ಟು ಭಾರದ ಮಾತನ್ನು ತಿಂಡಿ ತಟ್ಟೆಗಳ ನಡುವೆ ಆಡಿಸಿದ್ದಾರಲ್ಲ, ಅದು ನನಗೆ ಇಷ್ಟ.

ಒಂದು ತಕರಾರೂ ಇದೆ. ಈ ಕಥೆಗಳಲ್ಲಿ ವೈದ್ಯರು ಎಲ್ಲಿ? ಊಟ ಹಾಕುವ ಅಕ್ಕಂದಿರು ಇದ್ದಾರೆ, ಒಳ್ಳೆಯ ಮೇಷ್ಟ್ರು ಇದ್ದಾರೆ. ಮಾತ್ರೆ, ಆಪ್ತಸಮಾಲೋಚನೆ, ತಿಂಗಳ ಚೀಟಿ, ಇವು ಅಪರೂಪಕ್ಕೂ ಕಾಣುವುದಿಲ್ಲ. ಜಪಾನಿನಲ್ಲಿ ಮನೆಯೊಳಗೇ ಮುಚ್ಚಿಕೊಂಡು ಬದುಕುವವರಿಗೆ ಹಿಕಿಕೊಮೊರಿ ಅನ್ನುತ್ತಾರೆ. 15ರಿಂದ 64 ವಯಸ್ಸಿನವರಲ್ಲಿ ಅಂಥವರು ಸುಮಾರು 14 ಲಕ್ಷ 60 ಸಾವಿರ ಇದ್ದಾರೆ ಅಂತ ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿದ ಅಂದಾಜು. ಅಷ್ಟೂ ಜನಕ್ಕೆ ಸೇತುವೆಯಾಚೆ ಒಬ್ಬಳು ಅಕಾರಿ ಇರುವುದಿಲ್ಲ. ನಮ್ಮ ಹುಡುಗನಿಗೂ ಬರೀ ಅನಿಮೆ ಸಾಲಲಿಲ್ಲ. ವೈದ್ಯರ ಹತ್ತಿರ ಹೋದ, ಎಂಟು ತಿಂಗಳು ಮಾತ್ರೆ ತಗೊಂಡ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಾಗಿಲು ಹಾಕಿಕೊಂಡಿದ್ದರೆ, ಅಥವಾ ನೀವೇ ಆ ಬಾಗಿಲ ಒಳಗಿದ್ದರೆ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. ದಿನದ 24 ಗಂಟೆಯೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಮೇಷ್ಟ್ರು ಅಂದೆನಲ್ಲ. ರೇಯ ಶಾಲೆಯಲ್ಲಿ ಹಯಾಶಿದಾ ಅಂತ ಒಬ್ಬರಿದ್ದಾರೆ. ಶೋಗಿ ಹುಚ್ಚು, ಮಾತು ಜಾಸ್ತಿ. ಮಧ್ಯಾಹ್ನ ಒಬ್ಬನೇ ಕೂರುವ ಹುಡುಗನ ಪಕ್ಕ ತಾವೂ ಬಂದು ಕೂತು ತಿನ್ನುತ್ತಾರೆ. ಅವರು ಹೇಳುವ ಒಂದು ಮಾತಿದೆ. ಒಬ್ಬನಿಂದ ಆಗದಿದ್ದಾಗ ಯಾರನ್ನಾದರೂ ನೆಚ್ಚಿಕೋ. ನೀನು ಯಾರನ್ನೂ ನೆಚ್ಚದಿದ್ದರೆ, ನಿನ್ನನ್ನು ನೆಚ್ಚಲು ಬೇರೆಯವರಿಗೂ ಆಗುವುದಿಲ್ಲ ಅಂತ. ನಾವು ಯಾವಾಗಲೂ ಉಲ್ಟಾ ಹೇಳಿಕೊಡುತ್ತೇವೆ, ಅಲ್ವಾ? ಯಾರ ಹಂಗೂ ಬೇಡ, ಯಾರ ಹತ್ತಿರವೂ ಕೈ ಚಾಚಬೇಡ.

ಎರಡನೇ ಭಾಗದಲ್ಲಿ ಇದು ನಡೆದು ತೋರಿಸುತ್ತದೆ. ಶಾಲೆಯಲ್ಲಿ ಗೆಳತಿಯನ್ನು ಎಲ್ಲರೂ ಕಾಡುವಾಗ ನಡುವಿನ ತಂಗಿ ಹಿನಾತಾ ಅವಳ ಪರ ನಿಲ್ಲುತ್ತಾಳೆ. ಗೆಳತಿ ಊರೇ ಬಿಟ್ಟು ಹೋಗುತ್ತಾಳೆ. ಆಮೇಲೆ ಕಾಟ ಇವಳ ಮೇಲೆ ತಿರುಗುತ್ತದೆ. ಮನೆಗೆ ಬಂದು ಎಲ್ಲ ಹೇಳಿ ಅತ್ತವಳು ಹೊರಗೆ ಓಡುತ್ತಾಳೆ. ನದಿ ದಂಡೆಯಲ್ಲಿ ಬಿಕ್ಕುತ್ತಾ, ಆದರೂ ನಾನು ಮಾಡಿದ್ದು ತಪ್ಪಲ್ಲ ಅನ್ನುತ್ತಾಳೆ. ಹಿಂದೆ ಬಂದ ರೇ ಅವಳ ಕೈ ಹಿಡಿದು, ನೀನು ನನ್ನನ್ನು ಉಳಿಸಿದವಳು ಅನ್ನುತ್ತಾನೆ. ಚಿಕ್ಕಂದಿನಲ್ಲಿ ಅವನನ್ನೂ ಹೀಗೇ ಕಾಡಿದ್ದರು, ಆಗ ಯಾರೂ ಪರ ನಿಂತಿರಲಿಲ್ಲ. ಇವತ್ತು ಯಾರಿಗೋ ಯಾರೋ ನಿಂತದ್ದು, ಅಂದಿನ ಆ ಪುಟ್ಟ ಹುಡುಗನಿಗೂ ತಲುಪಿತು.

ನಮ್ಮ ಹುಡುಗ ಈಗ ಪರೀಕ್ಷೆ ಕಟ್ಟಿದ್ದಾನೆ. ನಾಲ್ಕರಲ್ಲಿ ಎರಡು ಪಾಸಾಯಿತು, ಎರಡು ಇನ್ನೂ ಇವೆ. ಈ ಭಾಷಣ ಬರೆಯುವಾಗ ಅವನನ್ನೇ ಕೇಳಿದೆ, ಹೊಸಬರು ಎಲ್ಲಿಂದ ಶುರು ಮಾಡಲಿ ಅಂತ. ಇವ್ಯಾಂಜೆಲಿಯನ್ ಮಾತ್ರ ಮೊದಲು ಬೇಡ, ಹೆದರಿ ಓಡ್ತಾರೆ ಅಂದ. 1989ರ ‘ಕಿಕೀಸ್ ಡೆಲಿವರಿ ಸರ್ವಿಸ್’ ನೋಡಲಿ ಅಂದ. ಅದರಲ್ಲಿ ಪುಟ್ಟ ಮಾಟಗಾತಿಗೆ ಒಂದು ದಿನ ಇದ್ದಕ್ಕಿದ್ದಂತೆ ಹಾರಲು ಬರದೇ ಹೋಗುತ್ತದೆ. ಚಿತ್ರ ಬರೆಯುವ ಗೆಳತಿಯೊಬ್ಬಳು, ನನಗೂ ಹೀಗಾಗುತ್ತದೆ, ಆಗ ಬರೆಯುವುದನ್ನೇ ಬಿಟ್ಟು ತಿರುಗಾಡುತ್ತೇನೆ, ಮಧ್ಯಾಹ್ನ ಮಲಗುತ್ತೇನೆ, ಏನೂ ಮಾಡುವುದಿಲ್ಲ ಅನ್ನುತ್ತಾಳೆ.

ಆಮೇಲೆ ಆ 44 ಕಂತಿನದ್ದು ನೋಡಿ. ಒಂದೊಂದು ಕಂತು ಅರ್ಧ ಗಂಟೆಗೂ ಕಡಿಮೆ. ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಮತ್ತೆ, ಊಟ ಮಾಡಿಕೊಂಡೇ ಕೂರಿ. ಆ ಅಕ್ಕತಂಗಿಯರು ಕಂತಿಗೊಂದು ಅಡುಗೆ ಮಾಡುತ್ತಾರೆ, ಖಾಲಿ ಹೊಟ್ಟೆಯಲ್ಲಿ ನೋಡುವುದು ಕಷ್ಟ.

ನಮಸ್ಕಾರ.